ಹದಿನೇಳನೇ ಸಾಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಅಪಾಯದಕ್ಕ ಎಂದೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅದೊಂದು ಪ್ರವಾಸ ಕಂಪನಿ. ಕೆಳಗಿನ ಮಹಡಿಯಲ್ಲಿ ಟಿಕೆಟ್ಟು, ವೀಸಾ, ನಗುಮುಖದ ಹುಡುಗಿಯರು, ಗೋಡೆ ತುಂಬ ಹಿಮದ ಬೆಟ್ಟಗಳ ಚಿತ್ರ. ಮೂರನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದ ಕೋಣೆಯಲ್ಲಿ ಇವಳು. ಯಾವ ದೇಶಕ್ಕೆ ಜನರನ್ನು ಧೈರ್ಯವಾಗಿ ಕಳಿಸಬಹುದು, ಯಾವ ಊರಿನ ಸ್ಟೇಷನ್ನಿನಲ್ಲಿ ಜೇಬುಗಳ್ಳರ ಕಾಟ, ಎಲ್ಲಿ ರೈಲಿನವರು ಮುಷ್ಕರಕ್ಕೆ ಕೂರುವ ಹಾಗಿದ್ದಾರೆ, ಯಾವ ಬೆಟ್ಟದ ರಸ್ತೆ ಯಾವ ತಿಂಗಳಲ್ಲಿ ಕೈಕೊಡುತ್ತದೆ, ಎದೆನೋವು ಬಂದರೆ ಆಸ್ಪತ್ರೆ ಎಷ್ಟು ದೂರ, ಇಷ್ಟನ್ನೂ ವಿಚಾರಿಸಿ ಬರೆದಿಡುವುದು ಅವಳ ಕೆಲಸ. ಕೆಳಗಿನವರು ಆಸೆ ಹುಟ್ಟಿಸುತ್ತಿದ್ದರು, ಇವಳು ಅದಕ್ಕೆ ತಣ್ಣೀರೆರಚುತ್ತಿದ್ದಳು. ಹೀಗಂತ ಕೆಳಗಿನವರ ಅಂಬೋಣ. ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಪ್ರತಿ ಪ್ರವಾಸಕ್ಕೂ ಒಂದು ಫಾರಂ. ನಾಲ್ಕು ಪುಟ, ಹದಿನೆಂಟು ಸಾಲು. ಕೊನೆಯ ಸಾಲಿನಲ್ಲಿ ಬಣ್ಣ. ಹಸಿರು ಅಂದರೆ ಹೊರಡಿ. ಹಳದಿ ಅಂದರೆ ಹೊರಡಿ, ಆದರೆ ಇಂಥಿಂಥ ಕಡೆ ದಾರಿ ಬದಲಿಸಿ, ಅದನ್ನು ಹೋಗುವವರಿಗೆ ಮೊದಲೇ ಕಾಗದ ಬರೆದು ತಿಳಿಸಿ. ಕೆಂಪು ಅಂದರೆ ಬೇಡವೇ ಬೇಡ. ಬಣ್ಣ ಬರೆದವರು ಕೆಳಗೆ ಸಹಿ ಹಾಕಬೇಕು. ಸಹಿ ಹಾಕಿದವರ ಹೊರತು ಆ ಬಣ್ಣವನ್ನು ಕಂಪನಿಯ ಯಜಮಾನರೂ ಮುಟ್ಟುವ ಹಾಗಿಲ್ಲ. ಮೊದಲ ಹದಿನಾರು ಸಾಲು ತುಂಬುವುದೇನು ಮಹಾ, ಕಂಪ್ಯೂಟರಿನಲ್ಲಿ ಹುಡುಕಿದರೆ ಯಾರಿಗೂ ಸಿಗುತ್ತದೆ. ಹದಿನೇಳನೆಯದೇ ಇವಳ ಹೆಚ್ಚುಗಾರಿಕೆ. ಅಲ್ಲಿ 'ಸ್ಥಳೀಯರ ಮಾತು' ಎಂದು ಅಚ್ಚಾಗಿತ್ತು.

ಪ್ರವಾಸಿಗಳಿಂದಲೇ ಹೊಟ್ಟೆ ಹೊರೆಯುವವರನ್ನು ಹಿಡಿದು "ನಿಮ್ಮಲ್ಲಿ ಅಪಾಯ ಇದೆಯಾ?" ಎಂದು ಕೇಳಿದರೆ ಯಾವನು ತಾನೇ ಇದೆ ಅನ್ನುತ್ತಾನೆ? ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಇವಳು ಬಳಸಿ ಬಳಸಿ ಕೇಳುತ್ತಿದ್ದಳು. ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಹೆಂಗಸಿಗೆ ಫೋನು ಹಚ್ಚಿ, "ಕೆಲಸ ಮುಗಿಸಿ ಮನೆಗೆ ಹೇಗೆ ಹೋಗ್ತೀರಿ, ನಡ್ಕೊಂಡೋ ಬಸ್ಸಲ್ಲೋ?" ಅಂಗಡಿಯವನಿಗೆ, "ಇವತ್ತು ಮಕ್ಕಳನ್ನ ಸ್ಕೂಲಿಗೆ ಕಳಿಸಿದ್ರಾ?" ಬಸ್ ಡ್ರೈವರಿಗೆ, "ನಿಮ್ಮಮ್ಮನ್ನ ಕರ್ಕೊಂಡು ಹೋಗೋದಾದ್ರೆ ಯಾವ ದಾರಿ ಹಿಡೀತೀರಿ?" ತನ್ನ ಹರಕುಮುರುಕು ಇಂಗ್ಲಿಷು, ಅವರದು ಇನ್ನೂ ಹರಕು, ಹೇಗೋ ಕೆಲಸ ನಡೆಯುತ್ತಿತ್ತು. ಉತ್ತರಗಳನ್ನೆಲ್ಲ ತಾರೀಕು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಸಹಿಯ ಮೇಲೆ ಹೋದವರಲ್ಲಿ ಒಬ್ಬರ ಕಾಲು ಉಳುಕಿದ್ದು ಬಿಟ್ಟರೆ ಹೆಚ್ಚಿನದೇನೂ ಆಗಿರಲಿಲ್ಲ.

ಅಂಥವಳು ಇವತ್ತು ಬೆಳಿಗ್ಗೆಯಿಂದ ಕಂಪ್ಯೂಟರಿನ ಮುಂದಿನಿಂದ ಏಳದೆ ಕೂತಿದ್ದಳು. ಯುರೋಪಿನ ಒಂದು ದೇಶದಲ್ಲಿ ಕಂಪನಿಯ ಮೂವತ್ತೆರಡು ಜನ ಪ್ರವಾಸದ ಆರನೇ ದಿನದಲ್ಲಿದ್ದರು. ಆ ಮೂವತ್ತೆರಡರಲ್ಲಿ ಒಬ್ಬರು ಅವಳ ಅತ್ತೆ.

ಅತ್ತೆ ಅಂದರೆ ಸಾಮಾನ್ಯದ ಅತ್ತೆಯಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲು ಆಳಿದ ಹೆಡ್‌ಮಿಸ್. ಅವರು ನಿವೃತ್ತರಾದರೂ ದನಿ ಇನ್ನೂ ಸೇವೆಯಲ್ಲೇ ಇತ್ತು. ಮೂರು ವರ್ಷದ ಹಿಂದೆ ಅವರು ಗೆಳತಿಯರ ಜೊತೆ ಒಂದು ದ್ವೀಪಕ್ಕೆ ಹೊರಟಾಗ, ಇದು ಬಿರುಗಾಳಿಯ ತಿಂಗಳು, ಬೇಡಿ ಅತ್ತೆ ಎಂದು ಸೊಸೆ ಕಾಲಿಗೆ ಬೀಳುವುದೊಂದು ಬಾಕಿ. ಅತ್ತೆ ಉಳಿದರು, ಗೆಳತಿಯರು ಹೋದರು. ಬಿರುಗಾಳಿ ಹಾಗಿರಲಿ, ಒಂದು ಎಲೆ ಅಲುಗಿದ್ದರೆ ಕೇಳಿ! ಗೆಳತಿಯರು ನಾನೂರು ಫೋಟೋ ಹಿಡಿದು ನಗುನಗುತ್ತ ವಾಪಸು ಬಂದರು. ಅಂದಿನಿಂದ ಮನೆಗೆ ಯಾರೇ ಬರಲಿ, ಅತ್ತೆಯದು ಒಂದೇ ರಾಗ. "ನಮ್ಮ ಸೊಸೆ ಆಫೀಸಲ್ಲಿ ಊರಿಗೆಲ್ಲ ಹಸಿರು, ಅತ್ತೆಗೊಬ್ಬಳಿಗೆ ಕೆಂಪು." ಬಂದವರು ನಗುತ್ತಿದ್ದರು. ಗಂಡನೂ ನಗುತ್ತಿದ್ದ. ಇವಳೂ ನಗುತ್ತಿದ್ದಳು, ನಕ್ಕು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಈ ಸಲದ ಪ್ರವಾಸವನ್ನು ಅತ್ತೆ ಆರಿಸಿದ್ದು ಕಂಪನಿಯ ಪುಸ್ತಿಕೆಯ ಮುಖಪುಟ ನೋಡಿ. ಒಂದು ಕಡೆ ನೆಟ್ಟಗೆ ನಿಂತ ಬಂಡೆ, ಇನ್ನೊಂದು ಕಡೆ ನೀಲಿ ಸರೋವರ, ನಡುವೆ ಸಪೂರ ರಸ್ತೆ. ಪುಸ್ತಿಕೆಯನ್ನು ಸೊಸೆಯ ಮುಂದೆ ಹಿಡಿದು, "ಈ ದಾರೀಲಿ ಒಂದೇ ಒಂದು ಸಲ ಹೋಗ್ಬೇಕು ನಾನು. ಇದಕ್ಕೂ ನಿನ್ನ ಬಣ್ಣದ ಡಬ್ಬಿ ತೆಗೀಬೇಡ," ಅಂದಿದ್ದರು. ಗಂಡ ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಹೋಗ್ಲಿ ಬಿಡೇ, ಆಸೆಪಡ್ತಿದ್ದಾರೆ ಎಂದು ಅವನದೂ ಒಂದು ಮಾತು.

ಗುಂಪು ಹೊರಡುವುದಕ್ಕೆ ಹನ್ನೆರಡು ದಿನ ಮುಂಚೆ ಅವಳು ಆ ಕಡೆಯ ಒಬ್ಬ ಹಳೆಯ ಬಸ್ ಡ್ರೈವರಿಗೆ ಫೋನು ಮಾಡಿ ತನ್ನ ಎಂದಿನ ಪ್ರಶ್ನೆ ಕೇಳಿದಳು. ಅವನು ಜೋರಾಗಿ ನಕ್ಕ.

"ನಮ್ಮಮ್ಮನ್ನಾ? ಸುರಂಗದ ದಾರೀಲಿ ಕರ್ಕೊಂಡು ಹೋಗ್ತೀನಿ. ಸರೋವರದ ದಾರಿ ನಿಮ್ಮಂಥೋರಿಗೆ, ಫೋಟೋ ತೆಗೆಯೋರಿಗೆ."

"ಯಾಕೆ?"

"ಈ ತಿಂಗಳು ಮಳೆ ನೀರು ಬಂಡೆ ಸಂದಿಗೆ ಇಳಿಯುತ್ತೆ. ರಾತ್ರಿ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಬಿಸಿಲು ಬಿದ್ರೆ ಕರಗಿ ಕಲ್ಲು ಸಡಿಲ ಆಗುತ್ತೆ. ಆ ಹೊತ್ತಲ್ಲಿ ನಮ್ಮೂರೋರು ಯಾರೂ ಆ ಕಡೆ ತಲೆ ಹಾಕಲ್ಲ."

"ಆರು ವರ್ಷದಿಂದ ಒಂದೂ ಅಪಘಾತ ಆಗಿಲ್ಲ ಅಂತ ದಾಖಲೆ ಇದೆಯಲ್ಲ?"

"ಯಾರೂ ಹೋಗದೇ ಇರೋ ಕಡೆ ಯಾರ ತಲೆ ಮೇಲಮ್ಮ ಬೀಳ್ಬೇಕು?"

ಅದನ್ನು ಅಕ್ಷರಶಃ ನೋಟ್‌ಬುಕ್ಕಿಗೆ ಇಳಿಸಿದಳು. ಆಮೇಲೆ ಫಾರಂ ಮುಂದಿಟ್ಟುಕೊಂಡಳು. ಹದಿನೇಳನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ಇದನ್ನು ಬರೆದರೆ ಹಳದಿ. ಹಳದಿಯಾದರೆ ಸರೋವರದ ದಾರಿ ರದ್ದು, ಬದಲಿಗೆ ಕತ್ತಲೆಯ ಸುರಂಗ, ಅದನ್ನು ತಿಳಿಸುವ ಕಾಗದ ಮೂವತ್ತೆರಡು ಮನೆಗೆ. ಅದರಲ್ಲೊಂದು ತನ್ನ ಮನೆಗೇ! ಕಾಗದ ಒಡೆಯುವ ಮೊದಲೇ ಅತ್ತೆಯ ಮಾತು ಕಿವಿಯಲ್ಲಿ ಮೊಳಗಿತು. ನೆಂಟರ ನಗು ಮೊಳಗಿತು. ಎಲ್ಲಿದ್ದರೂ ಬೆನ್ನುಬಿಡದ ಆ ರಾಗ ಇನ್ನು ಹತ್ತು ವರ್ಷ. ಅವಳು ಹದಿನೇಳನೇ ಸಾಲಿನಲ್ಲಿ 'ವಿಶೇಷವೇನಿಲ್ಲ' ಎಂದು ಬರೆದಳು. ಹದಿನೆಂಟನೆಯದರಲ್ಲಿ 'ಹಸಿರು' ಎಂದು ಬರೆದು ಸಹಿ ಹಾಕಿದಳು.

ಬೇರೆ ಯಾವ ಗುಂಪಾಗಿದ್ದರೂ ಕಣ್ಣು ಮುಚ್ಚಿ ಹಳದಿ ಕೊಡುತ್ತಿದ್ದಳು. ಅತ್ತೆ ಹೋಗುತ್ತಿದ್ದಾರೆಂಬ ಒಂದೇ ಕಾರಣಕ್ಕೆ ಹಸಿರು. ಅತ್ತೆಗೆ ಕೆಡುಕಾಗಲಿ ಎಂಬ ಎಣಿಕೆ ಅವಳ ಕನಸಿನಲ್ಲೂ ಇರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಬರೀ ಬೈಗುಳದ ಭಯ. ಇದು ಹೇಗೆ ಎಂದು ಹುಬ್ಬೇರಿಸುವವರು ಮನೆಯಲ್ಲಿ ಯಾರಾದರೂ ಸೊಸೆಯಿದ್ದರೆ ಅವಳನ್ನು ಕೇಳಿ ನೋಡಲಿ.

ಈಗ ಆ ಕಡೆ ಮೂರು ದಿನ ಮಳೆ ಹೊಯ್ದಿತ್ತು. ನಿನ್ನೆ ರಾತ್ರಿ ನೀರು ಗಡ್ಡೆಗಟ್ಟುವ ಚಳಿ. ಬೆಳಿಗ್ಗೆಯಿಂದ ಅವಳು ಹಿಡಿದುಕೊಂಡಿದ್ದ ಒಂದೇ ಆಸರೆ ಮೋಡ. ಇಡೀ ದಿನ ಮೋಡ ಮುಸುಕಿರುತ್ತದೆ ಎಂದು ಹವಾಮಾನದವರು ಹೇಳಿದ್ದರು. ಮೋಡವಿದ್ದರೆ ಕರಗುವುದಿಲ್ಲ, ಕರಗದಿದ್ದರೆ ಸಡಿಲವಾಗುವುದಿಲ್ಲ. ಸರೋವರದ ದಂಡೆಯಲ್ಲಿ ಒಂದು ಕ್ಯಾಮೆರಾ ಇತ್ತು, ಅದರ ಚಿತ್ರ ಕಂಪ್ಯೂಟರಿನಲ್ಲಿ ಐದೈದು ನಿಮಿಷಕ್ಕೊಮ್ಮೆ ಬದಲಾಗುತ್ತಿತ್ತು. ಬೂದು, ಬೂದು, ಮತ್ತೆ ಬೂದು. ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಚಿತ್ರ ಬದಲಾದಾಗ ಬಂಡೆಯ ನೆತ್ತಿಯಿಂದ ಬುಡದವರೆಗೆ ಬಿಸಿಲು ಬಡಿದಿತ್ತು. ಪುಸ್ತಿಕೆಯ ಮುಖಪುಟದ ಹಾಗೇ ಇತ್ತು.

ಅಲ್ಲಿಯ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ. ಬಸ್ಸು ಹೊರಟು ಮುಕ್ಕಾಲು ಗಂಟೆಯಾಗಿತ್ತು. ಇಲ್ಲಿಯ ಲೆಕ್ಕದಲ್ಲಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಅದು ಒಂದು ಕವಲು ಮುಟ್ಟುತ್ತದೆ, ಎಡಕ್ಕೆ ಸುರಂಗ, ಬಲಕ್ಕೆ ಸರೋವರ. ಬಲಕ್ಕೆ ಹೊರಳಿತೋ, ಮುಗಿಯಿತು. ಹದಿನೆಂಟು ಕಿಲೋಮೀಟರು ಬಸ್ಸು ತಿರುಗಿಸಲು ಜಾಗವಿಲ್ಲ, ತಲೆಯ ಮೇಲೆ ಬರೀ ಬಂಡೆ.

ಗುಂಪಿನ ಜೊತೆ ಹೋಗಿದ್ದ ಟೂರ್ ಮ್ಯಾನೇಜರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಅವನಿಗೆ ಫೋನು ಮಾಡಿದಳು. ಹಿಂದೆ ಜನ ಗಲಗಲ ಮಾತಾಡುತ್ತಿದ್ದರು.

"ಕ್ಯಾಪ್ಟನ್, ಸುರಂಗದ ದಾರೀಲಿ ಹೋಗಿ. ಸರೋವರ ಬೇಡ."

"ಏನಕ್ಕಾ, ತಮಾಷೆನಾ? ಆರು ದಿನದಿಂದ ಈ ಸರೋವರ ತೋರಿಸ್ತೀನಿ ಅಂತಾನೇ ಜನಾನ ಸಂಭಾಳಿಸ್ಕೊಂಡು ಬಂದಿದ್ದೀನಿ. ನಿಮ್ಮತ್ತೆ ಬೆಳಿಗ್ಗೆ ಆರಕ್ಕೇ ಬಂದು ಮುಂದಿನ ಸೀಟು ಹಿಡ್ಕೊಂಡಿದ್ದಾರೆ. ನನ್ನ ಕಾಗದದಲ್ಲಿ ಹಸಿರಿದೆ, ನಿಮ್ಮದೇ ಸಹಿ."

"ಬದಲಾಯಿಸ್ತಿದ್ದೀನಿ. ಕೆಂಪು."

"ಹಾಗಾದ್ರೆ ಬರೆದು ಕಳ್ಸಿ. ಬಾಯಿ ಮಾತಿಗೆ ಬಸ್ ತಿರುಗಿಸಿದ್ರೆ ಇವರು ನನ್ನ ಹರಿದು ಹಂಚ್ಕೊಂಡು ಬಿಡ್ತಾರೆ."

ಅವನು ಹೇಳಿದ್ದು ನ್ಯಾಯವೇ. ಗುಂಪು ಹೊರಟ ಮೇಲೆ ಬಣ್ಣ ಬದಲಾದರೆ ಕಾರಣ ಬರೆದು, ಆಧಾರದ ಕಾಗದ ಲಗತ್ತಿಸಿ, ಕ್ಯಾಪ್ಟನ್ನಿಗೂ ಕೆಳಗಿನ ಸೇಲ್ಸ್ ಮ್ಯಾನೇಜರಿಗೂ ಒಟ್ಟಿಗೆ ಕಳಿಸಬೇಕು. ಆಧಾರ ಸಾಲದು ಎಂದು ಮ್ಯಾನೇಜರ್ ಅಂದರೆ ಹಳೆಯ ಬಣ್ಣವೇ ಉಳಿಯುತ್ತದೆ. ಕ್ಯಾಪ್ಟನ್ ಅದನ್ನು ಬಸ್ಸಿನ ಮೈಕಿನಲ್ಲಿ ಎಲ್ಲರಿಗೂ ಓದಿ ಹೇಳಬೇಕು. ಕಂಪನಿಯ ನಿಯಮ. ಅದನ್ನು ಬರೆದವಳೂ ಇವಳೇ.

ಅವಳು ಟೈಪು ಮಾಡಿದಳು. 'ಈಗಷ್ಟೇ ಬಂದ ಹವಾಮಾನ ವರದಿಯ ಪ್ರಕಾರ ಕಲ್ಲು ಜಾರುವ ಸಂಭವ.' ವರದಿಯನ್ನು ಲಗತ್ತಿಸಿ ಕಳಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ನೋಡಿ. ಬಸ್ಸೂ ತಿರುಗಬೇಕು, ತನ್ನ ಗುಟ್ಟೂ ಉಳಿಯಬೇಕು.

ಹತ್ತು ನಿಮಿಷಕ್ಕೆ ಸೇಲ್ಸ್ ಮ್ಯಾನೇಜರ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಮಾತು ಬಲು ಸಿಹಿಯಾದ್ದರಿಂದ ಅವನಿಗೆ ಸಕ್ಕರೆ ಎಂದು ಹೆಸರು. ಈಗ ಸಿಹಿ ಕಡಿಮೆಯಿತ್ತು.

"ಅಕ್ಕಾ, ನೀವು ಕಳಿಸಿದ ವರದೀಲಿ ಏನಿದೆ ಓದಿದ್ರಾ? 'ಸ್ವಚ್ಛ ಆಕಾಶ, ಹಿತವಾದ ಬಿಸಿಲು.' ಮಳೆ ಬಂದ್ರೆ ಹಳದಿ ಅಂತೀರಿ, ಗಾಳಿ ಬಂದ್ರೆ ಹಳದಿ ಅಂತೀರಿ, ಸಹಿಸ್ಕೊಂಡಿದ್ದೀನಿ. ಬಿಸಿಲು ಬಂದಿದೆ ಅಂತ ಕೆಂಪಾ? ಇದು ಆಧಾರ ಅಲ್ಲ, ಬದಲಾವಣೆ ಇಲ್ಲ, ಮುಂದುವರಿ ಅಂತ ಕ್ಯಾಪ್ಟನ್‌ಗೆ ಹೇಳಿದ್ದೀನಿ."

"ಯಾವಾಗ ಹೇಳಿದ್ರಿ?"

"ಈಗಲೇ. ಬೇರೆ ಏನಾದ್ರೂ ಆಧಾರ ಇದ್ರೆ ಕೊಡಿ. ಅಲ್ಲಿಯವರು ಯಾರಾದ್ರೂ ಏನಾದ್ರೂ ಹೇಳಿದ್ದಾರಾ?"

ನೋಟ್‌ಬುಕ್ಕು ಬಲಗಡೆಯ ಡ್ರಾಯರಿನಲ್ಲಿತ್ತು. ಅವನ ಮೊಣಕಾಲಿನಿಂದ ಗೇಣುದ್ದ ದೂರ. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹದಿನಾರು ನಿಮಿಷ.

"ನೋಡ್ತೀನಿ," ಅಂದಳು.

ಹೌದು, ನೋಡ್ತೀನಿ ಅಂದಳು! ಮೂವತ್ತೆರಡು ಜೀವ ಬಂಡೆಯ ಬುಡಕ್ಕೆ ಹೋಗುತ್ತಿರುವಾಗ, ಆಧಾರ ಕೈಯಳತೆಯಲ್ಲಿರುವಾಗ, ಮಹಾತಾಯಿ ಕಂಪ್ಯೂಟರಿನ ಕಡೆ ತಿರುಗಿ ಇಲ್ಲದ ಫೈಲು ಹುಡುಕಿದಳು. ಪೊಲೀಸರ ಸೂಚನೆ ಏನಾದರೂ ಬಂದಿರಬಹುದೇ, ರಸ್ತೆಯವರೇ ಮುಚ್ಚಿರಬಹುದೇ, ಯಾರಾದರೂ ಬೇರೆಯವರು ತನ್ನ ಪರವಾಗಿ ಆ ಮಾತು ಹೇಳಿರಬಹುದೇ ಎಂದು ಹುಡುಕಿದಳು. ಎಲ್ಲೂ ಏನೂ ಇರಲಿಲ್ಲ. ಸಕ್ಕರೆ ಬಾಗಿಲಿಗೆ ಒರಗಿ ಕಾಯುತ್ತಿದ್ದ. ಕ್ಯಾಮೆರಾದ ಚಿತ್ರ ಎರಡು ಸಲ ಬದಲಾಯಿತು. ಎರಡನೇ ಸಲ ಬಂಡೆಯ ಮೈಮೇಲೆ ಕಪ್ಪು ಗೆರೆಗಳು ಇಳಿದಿದ್ದವು. ನೀರು. ಕರಗಲು ಶುರುವಾಗಿತ್ತು.

ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಅವಳು ಡ್ರಾಯರು ಎಳೆದಳು. ಪುಟ ತೆರೆದು ಸಕ್ಕರೆಯ ಕೈಗೆ ಕೊಟ್ಟಳು.

ಅವನು ಓದಿದ. ಮೊದಲು ಮಾತು ಓದಿದ, ಆಮೇಲೆ ತಾರೀಕು ಓದಿದ. ಮುಖದ ಬಣ್ಣ ಇಳಿದುಹೋಯಿತು.

"ಇದು ನಿಮಗೆ ಹದಿನೆಂಟು ದಿನದಿಂದ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ಹಸಿರು ಕೊಟ್ರಾ?"

"ಹೂಂ."

ಯಾಕೆ ಎಂದು ಅವನು ಕೇಳಲಿಲ್ಲ. "ಫೋಟೋ ಹೊಡೆದು ಕಳ್ಸಿ. ಬೇಗ," ಅಂದ. ಮೊದಲ ಫೋಟೋ ಮಸುಕಾಯಿತು, ಎರಡನೆಯದು ಸರಿ ಬಂತು. ಕಾರಣದ ಜಾಗದಲ್ಲಿ, 'ಸ್ಥಳೀಯ ಚಾಲಕರು ಹೇಳಿದ್ದನ್ನು ನಾನು ಮುಚ್ಚಿಟ್ಟಿದ್ದೆ. ಕೆಂಪು.' ಎಂದಷ್ಟೇ ಬರೆದು ಕಳಿಸಿದಳು. ಸಂದೇಶ ಮುಟ್ಟಿತು, ಆದರೆ ತೆರೆದವರಿಲ್ಲ. ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಸಕ್ಕರೆಯೂ ಮಾಡಿದ, ಅದೂ ಹಾಗೇ. ಮುಂದುವರಿ ಎಂದು ಹೇಳಿದ ಮೇಲೆ ಕ್ಯಾಪ್ಟನ್ನಿಗೇನು, ಫೋನನ್ನು ಎಲ್ಲೋ ಚಾರ್ಜಿಗೆ ಸಿಕ್ಕಿಸಿ ಹಿಂದಿನ ಸೀಟಿನವರ ಜೊತೆ ಹರಟೆಗೆ ಕೂತಿದ್ದ. ಬಸ್ಸಿನ ಡ್ರೈವರ್ ಗಾಡಿ ಓಡಿಸುವಾಗ ಫೋನು ಎತ್ತುವವನಲ್ಲ. ಎತ್ತದವನೇ ಬೇಕೆಂದು ಆರಿಸಿದವಳೂ ಇವಳೇ.

ಎರಡು ಗಂಟೆ ಮೂವತ್ತಾರು ನಿಮಿಷ.

"ಅತ್ತೆಗೆ ಮಾಡಿ," ಅಂದ ಸಕ್ಕರೆ.

"ಅವರು ಹೊರದೇಶದಲ್ಲಿ ಫೋನು ಆಫ್ ಮಾಡಿ ಬ್ಯಾಗಲ್ಲಿ ಇಟ್ಕೊಳ್ತಾರೆ."

"ಅಯ್ಯೋ, ಮಾಡಿ ನೋಡ್ರೀ!"

ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು. ಫೋಟೋ ತೆಗೆಯಲು ಫೋನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಏನೇ? ಬೇಗ ಹೇಳು, ಇನ್ನೇನು ಸರೋವರ ಬಂದೇಬಿಡ್ತಂತೆ."

"ಅತ್ತೆ, ಬಸ್ ನಿಲ್ಸಿ."

"ಏನು?"

"ಬಸ್ ನಿಲ್ಸೋಕೆ ಹೇಳಿ. ಬಲಗಡೆ ಹೋಗ್ಬಾರ್ದು, ಎಡಗಡೆ ಸುರಂಗದಲ್ಲಿ ಹೋಗ್ಬೇಕು. ಬಂಡೆಯಿಂದ ಕಲ್ಲು ಬೀಳುತ್ತೆ."

"ಶುರುವಾಯ್ತಾ ನಿಂದು! ಇಲ್ಲಿಗೂ ಬಂತಾ? ಎಂಥ ಬಿಸಿಲಿದೆ ಗೊತ್ತಾ ಇಲ್ಲಿ? ನೀನು ಅಲ್ಲಿ ಕೋಣೇಲಿ ಕೂತ್ಕೊಂಡು..."

"ಅತ್ತೆ, ಬೈಯಿರಿ, ಆಮೇಲೆ ಬೈಯಿರಿ. ಈಗ ಕೇಳಿ. ನನಗೆ ಮೊದ್ಲೇ ಗೊತ್ತಿತ್ತು. ನೀವು ಹೊರಡೋಕೆ ಮುಂಚೇನೇ ಅಲ್ಲಿಯ ಡ್ರೈವರ್ ಒಬ್ಬರು ಹೇಳಿದ್ರು. ಮಳೆ ಬಂದು, ಚಳಿ ಬಿದ್ದು, ಬಿಸಿಲು ಬಂದ್ರೆ ಆ ದಾರೀಲಿ ಯಾರೂ ಹೋಗಲ್ಲ ಅಂದ್ರು. ನಾನು ಮುಚ್ಚಿಟ್ಟೆ."

"ಯಾಕೆ?" ಅಂದರು ಅತ್ತೆ.

"ನಿಮಗೆ ಹೆದರಿ. ಮತ್ತೆ ಸೊಸೆ ಅಡ್ಡಗಾಲು ಹಾಕಿದ್ಲು ಅಂತೀರಿ ಅಂತ. ಹಸಿರು ಅಂತ ಬರೆದುಬಿಟ್ಟೆ. ಅತ್ತೆ, ಕೈ ಮುಗೀತೀನಿ, ನಿಲ್ಸಿ."

ಡ್ರೈವರ್ ತಿರುವಿನ ದೀಪ ಹಾಕಿದ ಟಕ್ ಟಕ್ ಟಕ್ ಶಬ್ದ ಫೋನಿನಲ್ಲಿ ಕೇಳಿಸಿತು. ಸಕ್ಕರೆ ಕಣ್ಣು ಮುಚ್ಚಿಕೊಂಡ. ಆಮೇಲೆ ಮೂವತ್ತನಾಲ್ಕು ವರ್ಷ ಇಡೀ ಮೈದಾನವನ್ನು ತಣ್ಣಗಾಗಿಸಿದ ಆ ದನಿ ಸಿಡಿಯಿತು.

"ಸ್ಟಾಪ್! ಡ್ರೈವರ್, ಸ್ಟಾಪ್ ದಿ ಬಸ್! ಕ್ಯಾಪ್ಟನ್, ಏಳ್ರೀ ಮೇಲೆ! ನಿಮ್ಮ ಫೋನ್ ಎಲ್ಲಿ?"

ಬ್ರೇಕು ಕಿರುಚಿತು. ಏನೋ ಬಿತ್ತು, ಯಾರೋ ಅಯ್ಯೋ ಅಂದರು, ಫೋನು ಕಟ್ಟಾಯಿತು.

ಆಮೇಲಿನ ಹನ್ನೊಂದು ನಿಮಿಷ ಅವಳಿಗೆ ಹೇಗೆ ಕಳೆಯಿತು ಎಂದು ಕೇಳಬೇಡಿ. ಹನ್ನೆರಡನೇ ನಿಮಿಷಕ್ಕೆ ಕ್ಯಾಪ್ಟನ್ನಿನ ಒಂದೇ ಪದ ಬಂತು. 'ಸುರಂಗದಲ್ಲಿದ್ದೇವೆ.' ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಸಕ್ಕರೆ ಒಂದು ಲೋಟ ನೀರು ತಂದಿಟ್ಟು, ಕೆಳಗಿಳಿದು ಹೋದ.

ಸಂಜೆಯವರೆಗೂ ಅವಳು ಕ್ಯಾಮೆರಾದ ಚಿತ್ರ ನೋಡುತ್ತಲೇ ಕೂತಿದ್ದಳು. ಬಸ್ಸು ಆ ಬಂಡೆಯ ಕೆಳಗೆ ಇರಬೇಕಿದ್ದ ಹೊತ್ತು ಬಂತು, ಹೋಯಿತು. ಬಿಸಿಲು ಹಾಗೇ ಇತ್ತು, ನೀಲಿ ನೀರು ಹಾಗೇ ಇತ್ತು. ಒಂದು ಹರಳು ಕೂಡ ಬೀಳಲಿಲ್ಲ. ಸಕ್ಕರೆ ಮತ್ತೆ ಮೇಲೆ ಬಂದ. ಅವನ ದನಿ ಮೆತ್ತಗಿತ್ತು, ಸಿಹಿಯಿರಲಿಲ್ಲ.

"ಏನೂ ಬೀಳ್ಲಿಲ್ಲ."

"ಇಲ್ಲ."

"ಬಿದ್ದಿದ್ರೆ ಕೊನೇ ಗಳಿಗೇಲಿ ಉಳಿಸಿದ್ರು ಅಂತಲಾದ್ರೂ ಹೇಳ್ಬಹುದಿತ್ತು ಯಜಮಾನರಿಗೆ. ನಾಳೆ ಹತ್ತಕ್ಕೆ ಕರೆದಿದ್ದಾರೆ. ಅಲ್ಲೀವರೆಗೆ ಯಾವ ಫಾರಂಗೂ ಸಹಿ ಹಾಕ್ಬೇಡಿ ಅಂದ್ರು. ನೋಟ್‌ಬುಕ್ಕೂ ಬೇಕಂತೆ."

ಕೊಟ್ಟಳು. ಹನ್ನೊಂದು ವರ್ಷದ ಉತ್ತರಗಳಿದ್ದ ಪುಸ್ತಕ, ಹಾಳೆಗಳ ಅಂಚು ಮಡಚಿಹೋಗಿತ್ತು. ಅವನು ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಕೆಲಸ ಹೋಯಿತು ಎಂಬುದು ಅವಳಿಗೆ ಆಗಲೇ ಗೊತ್ತಾಯಿತು. ವಿಚಿತ್ರವೆಂದರೆ ಅದಕ್ಕೆ ಅಳು ಬರಲಿಲ್ಲ.

ಐದೂವರೆಗೆ ಫೋನು ಬಂತು. ಅತ್ತೆ.

"ಒಂದು ಮಾತು ಕೇಳ್ತೀನಿ, ನೇರ ಉತ್ತರ ಕೊಡು," ಅಂದರು. "ಈ ಗುಂಪಲ್ಲಿ ನಾನು ಇಲ್ದೇ ಹೋಗಿದ್ರೆ ಏನು ಬಣ್ಣ ಬರೀತಿದ್ದೆ?"

"ಹಳದಿ."

"ಅಂದ್ರೆ ನಾನು ಬರದೇ ಇದ್ದಿದ್ರೆ ಈ ಮೂವತ್ತೊಂದು ಜನಕ್ಕೆ ಮೊದಲನೇ ದಿನಾನೇ ಸುರಂಗದ ದಾರಿ ಸಿಕ್ತಿತ್ತು."

ಅತ್ತೆಯ ದನಿ ಹೀಗೆ ಕುಗ್ಗಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಮಾವ ತೀರಿಕೊಂಡ ದಿನವೂ ಅದು ಕುಗ್ಗಿರಲಿಲ್ಲ.

"ಆವಾಗಿನಿಂದ ಅದೇ ಯೋಚ್ನೆ ಮಾಡ್ತಿದ್ದೀನಿ," ಅಂದರು. "ನಾನು ನಗ್ತಾ ನಗ್ತಾ ಆಡಿದ್ದು, ನೀನು ಬಾಯಿ ಮುಚ್ಕೊಳ್ಳೋ ಹಾಗಾಯ್ತು. ನನ್ನ ಬಾಯಿಗೆ ಹೆದರೋಳು ಅಂತ ಗೊತ್ತಿದ್ದೂ ಆಡ್ತಿದ್ದೆ."

"ಇಲ್ಲ ಅತ್ತೆ. ನೀವು ಆಡಿದ್ದು ಮನೇಲಿ. ಬರೆದೋಳು ನಾನು."

"ಅದೂ ಗೊತ್ತು. ನಿನ್ನ ಬಿಟ್ಟುಬಿಡ್ತೀನಿ ಅಂತ ನಾನೆಲ್ಲಿ ಹೇಳ್ದೆ?" ದನಿ ಮತ್ತೆ ನೆಟ್ಟಗಾಯಿತು. "ನೀನು ಕಳಿಸಿದ ಕಾಗದಾನ ಕ್ಯಾಪ್ಟನ್ ಮೈಕಲ್ಲಿ ಓದೋಕೆ ಹೊರಟಿದ್ದ. ನಾನೇ ತಡೆದೆ. ಬರೆದೋಳು ಇದ್ದಾಳೆ, ಅವಳೇ ಹೇಳ್ಲಿ ಅಂದೆ. ಇವರಿಗೆ ಇನ್ನೂ ಏನೂ ಗೊತ್ತಿಲ್ಲ. ನನ್ನ ಸೊಸೆ ದೂರದಿಂದಲೇ ನಮ್ಮನ್ನೆಲ್ಲ ಕಾಪಾಡಿದ್ಲು ಅಂತ ಅಂದ್ಕೊಂಡಿದ್ದಾರೆ. ಫೋನನ್ನ ಮೈಕಿಗೆ ಹಿಡೀತೀನಿ."

"ಅತ್ತೆ..."

"ಹೆದರ್ಕೋಬೇಡ. ನಾನು ಪಕ್ಕದಲ್ಲೇ ನಿಂತಿರ್ತೀನಿ. ನನ್ನ ಪಾಲಿಂದು ನಾನೂ ಹೇಳ್ತೀನಿ, ನೀನು ಮುಗಿಸಿದ ಮೇಲೆ."

ಕರಕರ ಸದ್ದಾಯಿತು. ಬಸ್ಸಿನ ಗಲಾಟೆ ಒಮ್ಮೆಲೇ ದೊಡ್ಡದಾಗಿ ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿದರು, ಒಬ್ಬರಿಂದ ಇನ್ನೊಬ್ಬರಿಗೆ ಹರಡಿ ಬಸ್ಸಿಗೆ ಬಸ್ಸೇ ತಟ್ಟಿತು. ಒಂದು ಹುಡುಗಿಯ ದನಿ, ಮೈಕಿಗೆ ತೀರಾ ಹತ್ತಿರ ಬಂದು, "ಆಂಟೀ, ತುಂಬಾ ತುಂಬಾ ಥ್ಯಾಂಕ್ಸ್! ನಮ್ಮ ಮದುವೆಯಾಗಿ ಎಂಟೇ ದಿನ ಆಂಟೀ. ನೀವು ನಮ್ಮ ಪಾಲಿಗೆ ದೇವ್ರು," ಅಂದಿತು.

ಅಪಾಯದಕ್ಕ ಕುರ್ಚಿಯಿಂದ ಎದ್ದು ನಿಂತಳು. ಯಾರೂ ನೋಡುತ್ತಿರಲಿಲ್ಲ, ಆದರೂ ಕೂತು ಹೇಳುವ ಮಾತಲ್ಲ ಅನ್ನಿಸಿತು.

"ಥ್ಯಾಂಕ್ಸ್ ಹೇಳ್ಬೇಡಮ್ಮ," ಅಂದಳು. "ಮೊದ್ಲು ಪೂರ್ತಿ ಕೇಳು. ಎಲ್ರೂ ಕೇಳಿ. ನೀವು ಹೊರಡೋಕೆ ಹನ್ನೆರಡು ದಿನ ಮುಂಚೆ ನಾನು ಅಲ್ಲಿಯ ಒಬ್ಬ ಡ್ರೈವರ್ ಹತ್ರ ಮಾತಾಡಿದ್ದೆ."

ಚಪ್ಪಾಳೆ ನಿಂತಿತು. ಅವಳು ಹೇಳುತ್ತ ಹೋದಳು.